ಪೈಥಾನ್‌ನಲ್ಲಿ ಕನ್ನಡ ಹೆಸರಿನೊಳಗೆ ಬೇಡದ ಅಕ್ಷರ ಸೇರಿದ್ದರೆ ಹಿಡಿಯುವುದು ಹೇಗೆ?

ಸ್ಟ್ರಿಂಗ್‌ನಲ್ಲಿ ಇರುವುದೆಲ್ಲ ಅಕ್ಷರವೇ ಎಂದು ನೋಡುವ ಈಸ್‌ಆಲ್ಫಾ (isalpha) ಹಾಕಿದರೆ ‘ಕಮಲ’ ಪಾಸಾಗುತ್ತದೆ, ‘ಲಕ್ಷ್ಮೀ’ ಆಗುವುದಿಲ್ಲ ಎಂದು ಕೇಳಿದ್ದೀರಿ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ‘ಅಕ್ಷರ’ ಎಂದು ವರ್ಗ ಮಾಡಿದ್ದನ್ನಷ್ಟೇ ಈಸ್‌ಆಲ್ಫಾ ಒಪ್ಪುತ್ತದೆ. ನಮ್ಮ ಕಾಗುಣಿತದ ಚಿಹ್ನೆಗಳು, ಅನುಸ್ವಾರ, ಒತ್ತಕ್ಷರಕ್ಕೆ ಬೇಕಾದ ವಿರಾಮ (ಸಂಖ್ಯೆ 3277) ಎಲ್ಲವೂ ‘ಮಾರ್ಕ್’ ವರ್ಗದವು. ‘ಕಮಲ’ದಲ್ಲಿ ಅಂಥದ್ದು ಒಂದೂ ಇಲ್ಲ. ಪೈಥಾನ್ ಜೊತೆಗೇ ಬರುವ ರೆಜೆಕ್ಸ್‌ನಲ್ಲಿ (ಪಠ್ಯವನ್ನು ಒಂದು ನಮೂನೆಗೆ ಹೋಲಿಸುವ ವಿಧಾನ) ‘ಅಕ್ಷರ ಅಥವಾ ಅಂಕಿ’ಗೆ ನಿಲ್ಲುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (\w) ಬರೆದರೂ ಇದೇ ಕಥೆ.

ಬೇಡದ್ದರ ಪಟ್ಟಿ ಮಾಡಲು ಹೋಗಬೇಡಿ, ಅದಕ್ಕೆ ಕೊನೆಯಿಲ್ಲ. ಬೇಕಾದ ಅಕ್ಷರಗಳ ಗುಂಪು, ಅಂದರೆ ಸೆಟ್, ಕಟ್ಟಿ: ರೇಂಜ್‌ಗೆ 3202 ಮತ್ತು 3300 ಕೊಟ್ಟು ಪ್ರತಿ ಸಂಖ್ಯೆಗೂ ಅದನ್ನು ಅಕ್ಷರವಾಗಿಸುವ ಸಿಎಚ್‌ಆರ್ (chr) ಹಾಕಿ, ಸ್ಪೇಸ್, ಚುಕ್ಕಿ ಸೇರಿಸಿ. 8204 ಮತ್ತು 8205 ಕೂಡ ಬೇಕೇ ಬೇಕು. ಅಕ್ಷರಗಳು ಕೂಡಬೇಕೇ ಬೇಡವೇ ಎಂದು ಹೇಳುವ, ಕಣ್ಣಿಗೆ ಕಾಣದ ಈ ಜಾಯಿನರ್‌ಗಳನ್ನು ತಡೆದರೆ ‘ರಾಜ್‌ಕುಮಾರ್’ ಎಂದು ಸರಿಯಾಗಿ ಟೈಪ್ ಮಾಡಿದವರನ್ನೇ ಹೊರಗಿಟ್ಟಂತಾಗುತ್ತದೆ. ಆಮೇಲೆ ಹೆಸರಿನ ಅಕ್ಷರಗಳ ಸೆಟ್‌ನಿಂದ ಈ ಸೆಟ್ ಕಳೆಯಿರಿ. ಉಳಿದದ್ದೇ ತಪ್ಪು ಅಕ್ಷರ. ರೆಜೆಕ್ಸ್‌ಗಿಂತ ಈ ದಾರಿ ನನಗೆ ಇಷ್ಟ, ಯಾವ ಅಕ್ಷರ ತಪ್ಪು ಎಂದು ಬಳಕೆದಾರರಿಗೆ ತೋರಿಸಬಹುದು. ರೆಜೆಕ್ಸೇ ಬೇಕೆಂದರೆ ಇಡೀ ಸ್ಟ್ರಿಂಗ್ ಹೊಂದಬೇಕೆನ್ನುವ ಫುಲ್‌ಮ್ಯಾಚ್ ಬಳಸಿ. ಮ್ಯಾಚ್ ಜೊತೆ ಡಾಲರ್ ಚಿಹ್ನೆ ಇಟ್ಟರೆ ಕೊನೆಯಲ್ಲಿರುವ ಒಂದು ನ್ಯೂಲೈನ್ ನುಸುಳಿಬಿಡುತ್ತದೆ.

ಮಿತಿಯನ್ನು 3300ಕ್ಕೆ ನಿಲ್ಲಿಸಿದ್ದಕ್ಕೆ ಕಾರಣವಿದೆ. ಕನ್ನಡ ಅಂಕಿಗಳು 3302ರಿಂದ 3311. ಅನುಸ್ವಾರದ (3202) ಜಾಗದಲ್ಲಿ ಸೊನ್ನೆ ‘೦’ (3302) ಒತ್ತಿದ ‘ಮ೦ಜುಳಾ’ ನೋಡಲು ಸರಿಯಾಗೇ ಇರುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಕನ್ನಡ ಡೇಟಾದಲ್ಲಿ ಮೊದಲು ಹುಡುಕಬೇಕಾದ ದೋಷ ಇದು.

ಪರೀಕ್ಷೆಗೆ ಮುಂಚೆ ಎರಡು ಕೆಲಸ: ಎರಡೂ ತುದಿಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್, ಆಮೇಲೆ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಜ್‌ನಿಂದ ಎನ್‌ಎಫ್‌ಸಿ (NFC) ರೂಪ, ಅಂದರೆ ಜೋಡಿ ಸಂಕೇತಗಳನ್ನು ಒಂದಾಗಿಸಿದ ರೂಪ. ‘ಕೊಟ್ರೇಶ’ದ ‘ಕೊ’ದಲ್ಲಿರುವ ಚಿಹ್ನೆ 3274 ಎಂಬ ಒಂದೇ ಸಂಕೇತವಾಗಿರಬಹುದು, 3270 ಮತ್ತು 3266ರ ಜೋಡಿಯೂ ಆಗಿರಬಹುದು. ಎರಡೂ ನಿಮ್ಮ ಸೆಟ್ ಪರೀಕ್ಷೆಯಲ್ಲಿ ಪಾಸಾಗುತ್ತವೆ, ಹೋಲಿಸಿದರೆ ಬೇರೆ ಬೇರೆ.

ಸೆಟ್ ಕ್ರಮವನ್ನು ನೋಡುವುದಿಲ್ಲ, ಹಾಗಾಗಿ ಬರೀ ಕೊಂಬು ಅಥವಾ ಬರೀ ಜಾಯಿನರ್ ಇದ್ದರೂ ಪಾಸ್. ಸ್ಟ್ರಿಪ್ ಜಾಯಿನರ್ ತೆಗೆಯುವುದಿಲ್ಲ. ಸ್ಟ್ರಿಂಗ್ ಖಾಲಿಯಿಲ್ಲವೆಂದು ನೋಡಿಕೊಂಡು ಮೊದಲ ಅಕ್ಷರಕ್ಕೆ ಮಾತ್ರ ಈಸ್‌ಆಲ್ಫಾ ಹಾಕಿ, ಅಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆ.