ಕಾರವಾರದಲ್ಲಿ ಒಬ್ಬನೇ ಇರುವ ಮಗನಿಗೆ ಸ್ಕಿಜೋಫ್ರೇನಿಯಾ, ಓನರ್ ಮನೆ ಖಾಲಿ ಮಾಡಿ ಅಂತಿದ್ದಾರೆ. ಏನು ಮಾಡಲಿ?

ನೀವು ಬರೆದದ್ದು ಇಷ್ಟು: ಮಗನಿಗೆ ಮೂವತ್ತೊಂದು ವರ್ಷ, ಕೋಡಿಬಾಗದಲ್ಲಿ ರೂಮು ಮಾಡಿಕೊಂಡು ಒಬ್ಬನೇ ಇದ್ದಾನೆ. ಇತ್ತೀಚೆಗೆ ರಾತ್ರಿ ಹೊತ್ತು ಕೂಗಾಟ ಶುರುವಾಗಿದೆ. ‘ತಿಂಗಳ ಕೊನೆಗೆ ಬಿಡದಿದ್ರೆ ಸಾಮಾನು ರಸ್ತೆಗೆ ಹಾಕ್ತೇನೆ’ ಅಂತ ಓನರ್ ಹೇಳಿದ್ದಾರೆ. ನೀವಿರುವುದು ಶಿರಸಿಯಲ್ಲಿ, ಅವನು ಘಟ್ಟ ಹತ್ತಿ ಊರಿಗೆ ಬರಲು ಸುತಾರಾಂ ಒಪ್ಪುತ್ತಿಲ್ಲ.

ನನ್ನ ಮಗಳಿಗೂ ಇದೇ ಕಾಯಿಲೆ. ಅವಳೂ ಕಾರವಾರದಲ್ಲೇ ಬಾಡಿಗೆಗಿದ್ದಾಳೆ, ನಾನೂ ಶಿರಸಿ ಕಡೆಯವಳೇ. ಅವಳಿಗೂ ಒಮ್ಮೆ ಮನೆ ಬಿಡಿ ಅಂದಿದ್ದರು. ಇವತ್ತಿಗೂ ಅದೇ ಮನೆಯಲ್ಲಿದ್ದಾಳೆ.

ಓನರ್ ಜೊತೆ ಫೋನಿನಲ್ಲಿ ಜಗಳ ಬೇಡ. ಬಸ್ ಹತ್ತಿ ಹೋಗಿ, ಎದುರು ಕೂತು ಮಾತಾಡಿ. ನಮ್ಮ ಓನರ್ ಫೋನಿನಲ್ಲಿ ‘ಅಕ್ಕಪಕ್ಕದವರು ಹೆದರ್ತಾರೆ’ ಅನ್ನುವುದೊಂದನ್ನೇ ಹೇಳುತ್ತಿದ್ದರು. ಚಾ ಕುಡಿಯುತ್ತಾ ಕೂತಾಗ ಒಳಗಿನದು ಹೊರಬಂತು: ನಡುರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡುವುದು, ಮಾಡಿದರೂ ಎತ್ತುತ್ತಾರೋ ಇಲ್ಲವೋ, ಹುಡುಗಿ ಏನಾದರೂ ಮಾಡಿಕೊಂಡರೆ ಪೊಲೀಸರು ತಮ್ಮ ಕುತ್ತಿಗೆಗೆ ಬರುತ್ತಾರೋ ಎಂಬ ಭಯ. ಕಾಯಿಲೆಗಿಂತ, ಆ ಕಾಯಿಲೆಯ ಜೊತೆ ತಾವೊಬ್ಬರೇ ಉಳಿದುಬಿಡುತ್ತೇವೆ ಅನ್ನುವುದೇ ಅವರ ಚಿಂತೆಯಾಗಿತ್ತು. ಸೀಬರ್ಡ್ ನೌಕಾನೆಲೆ ಬಂದ ಮೇಲೆ ಕಾರವಾರದಲ್ಲಿ ಬಾಡಿಗೆ ಮನೆಗೆ ಜನ ಕಾಯುತ್ತಿರುತ್ತಾರೆ, ಓನರ್‌ಗೆ ನಮ್ಮ ಹಂಗಿಲ್ಲ. ಆದರೂ ಒಪ್ಪಿದರು. ಯಾವ ಹೊತ್ತಿಗಾದರೂ ಎತ್ತುವ ಎರಡು ನಂಬರ್ ಕೊಟ್ಟೆ. ಬಾಡಿಗೆ ಪ್ರತಿ ತಿಂಗಳು ನನ್ನ ಖಾತೆಯಿಂದಲೇ ಹೋಗುವ ಹಾಗೆ ಮಾಡಿದೆ.

ಆ ಎರಡರಲ್ಲಿ ಒಂದು ನಂಬರ್ ಕಾರವಾರದ್ದೇ ಆಗಿರಬೇಕು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ನೀವು ತಲುಪುವಷ್ಟರಲ್ಲಿ ಎಲ್ಲಾ ಆಗಿ ಹೋಗಿರುತ್ತದೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನೆನಪಿರಬಹುದು. ಆಗ ನಾನು ಘಟ್ಟದ ಮೇಲೆ, ಮಗಳು ಕೆಳಗೆ. ಅವಳ ಬಾಗಿಲು ತಟ್ಟಿ ಊಟ ಆಯ್ತಾ ಕೇಳುತ್ತಿದ್ದವರು ಅದೇ ಬೀದಿಯ ಒಬ್ಬ ನಿವೃತ್ತ ನರ್ಸಮ್ಮ. ದೂರದ ನೆಂಟರಿಗಿಂತ ಅಂಥ ಒಬ್ಬರನ್ನು ಹುಡುಕಿಕೊಳ್ಳಿ. ಇನ್ನು ಕಾಯಿಲೆಯ ಹೆಸರನ್ನು ಓನರ್‌ಗೆ ಹೇಳಬೇಕೋ ಬೇಡವೋ ಅನ್ನುವುದು ಮಗನಿಗೆ ಬಿಟ್ಟದ್ದು. ‘ಚಿಕಿತ್ಸೆ ನಡೀತಿದೆ, ಈಗ ಸ್ವಲ್ಪ ಏರುಪೇರಾಗಿದೆ’ ಅಂದರೆ ಸುಳ್ಳೂ ಅಲ್ಲ, ಅವನ ಗುಟ್ಟು ಬಯಲಾಗುವುದೂ ಇಲ್ಲ.

ಓನರ್ ಹೇಳುವ ದೂರನ್ನು ಬೈಗುಳ ಅಂತ ಕೇಳಬೇಡಿ, ಬರೆದುಕೊಳ್ಳಿ. ಯಾವ ರಾತ್ರಿ ಕೂಗಿದ, ಎಷ್ಟು ಹೊತ್ತು, ಲೈಟು ಬೆಳಗಿನವರೆಗೆ ಉರಿಯುತ್ತಿತ್ತಾ, ಯಾರ ಜೊತೆಗೋ ಮಾತಾಡುತ್ತಿದ್ದನಾ, ಅಡುಗೆ ಮಾಡಿದ ವಾಸನೆ ಬರುತ್ತದಾ. ಡಾಕ್ಟರ ಎದುರು ನಮ್ಮ ಮಕ್ಕಳು ಹತ್ತು ನಿಮಿಷ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ಇಡೀ ರಾತ್ರಿ ಗೋಡೆಯಾಚೆ ಇದ್ದವರು ಓನರ್. ನಿದ್ದೆ ಕೆಡುವುದು ಎಷ್ಟೋ ಜನರಲ್ಲಿ ಕಾಯಿಲೆ ಮರುಕಳಿಸುವ ಮೊದಲ ಸೂಚನೆ. ನಾನು ತಾರೀಖು ಹಾಕಿ ಬರೆದ ಆ ಚೀಟಿ ನೋಡಿದ ಮೇಲೆಯೇ ನಮ್ಮ ಡಾಕ್ಟರು ಔಷಧಿ ಬದಲಿಸಿದ್ದು.

ಮಾತ್ರೆ ಬಿಟ್ಟಿದ್ದಾನಾ ನೋಡಿ. ‘ನನಗೆ ಕಾಯಿಲೆಯೇ ಇಲ್ಲ’ ಅನ್ನುವುದು ಹಟ ಅಲ್ಲ, ಬಹಳ ಜನರಲ್ಲಿ ಅದೂ ಕಾಯಿಲೆಯದ್ದೇ ಭಾಗ. ವಾದ ಮಾಡಿ ಗೆಲ್ಲಲಾಗುವುದಿಲ್ಲ. ‘ನಿದ್ದೆ ಬರ್ತಿಲ್ಲ ಅಲ್ದಾ, ಅದಕ್ಕಾದ್ರೂ ತೋರಿಸುವ’ ಅಂದರೆ ಕೆಲವೊಮ್ಮೆ ಬರುತ್ತಾರೆ. ದಿನಾ ನುಂಗುವುದು ಆಗದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಡಿಪೋ ಇಂಜೆಕ್ಷನ್ ಇದೆ, ಕೇಳಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ (ಮನೋವೈದ್ಯರು ಬಂದು ನೋಡುವ ದಿನ) ಯಾವ ವಾರ ಇದೆ ಅಂತ ವಿಚಾರಿಸಿ. ದೊಡ್ಡ ಮಟ್ಟದ್ದು ಬೇಕಾದರೆ ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ಮಾನಸಿಕ ಆಸ್ಪತ್ರೆ. ನಡುರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಶ್ನೆ ಇಡಿಸುವವರು, ಹರಕೆ ಹೊರುವವರು ಮನೆಯಲ್ಲಿದ್ದರೆ ಮಾಡಿಕೊಳ್ಳಲಿ, ನಾನೂ ಮಾರಿಕಾಂಬೆಗೆ ಕೈಮುಗಿದವಳೇ. ಮಾತ್ರೆ ನಿಲ್ಲಿಸಿ ಅನ್ನುವವರನ್ನು ಮಾತ್ರ ಹೊಸಿಲಾಚೆಯೇ ನಿಲ್ಲಿಸಿ. ‘ಒಂದು ಮದುವೆ ಮಾಡಿಬಿಡಿ’ ಅನ್ನುವವರನ್ನೂ.

ಊಟ ಬಿಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ, ಯಾರ ಮೇಲಾದರೂ ಕೈ ಎತ್ತಿದ್ದರೆ ಮನೆಯ ಚಿಂತೆ ಬದಿಗಿಟ್ಟು ಮೊದಲು ಆಸ್ಪತ್ರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಕಲಮಿನ ಪ್ರಕಾರ ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಟ್ಟು, ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೋ ವೈದ್ಯರೋ ಬೇರೆಬೇರೆಯಾಗಿ ಪರೀಕ್ಷಿಸಿ ಅಗತ್ಯ ಅಂದರೆ, ಅವನು ಒಪ್ಪದಿದ್ದರೂ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಸುಧಾರಿಸಿಕೊಂಡಿರುವಾಗಲೇ ಅವನು ಬಿಳಿ ಹಾಳೆಯ ಮೇಲೆ ನಿಮ್ಮನ್ನು ಪ್ರತಿನಿಧಿ ಅಂತ ಬರೆದು ಸಹಿ ಮಾಡಿದರೆ ಸಾಕು, ಸ್ಟಾಂಪ್ ಪೇಪರ್ ಬೇಡ. ಪೊಲೀಸರನ್ನು ಕರೆಯುವ ಪ್ರಸಂಗ ಬಂದರೆ ಅದೇ ಕಾಯ್ದೆಯ 100ನೇ ಕಲಮು ನೆನಪಿರಲಿ: ಅವರು ರಕ್ಷಣೆಗೆ ತೆಗೆದುಕೊಂಡವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಅವನು ಆಸ್ಪತ್ರೆಯಲ್ಲಿದ್ದಾಗಲೂ ಬಾಡಿಗೆ ತಪ್ಪಿಸಬೇಡಿ. ಬಿಡುಗಡೆಯ ದಿನ ಹೋಗಲು ಒಂದು ಬಾಗಿಲು ಇರಬೇಕಲ್ಲ.

ಸಾಮಾನು ರಸ್ತೆಗೆ ಹಾಕುವ ಮಾತಿಗೆ ಹೆದರಬೇಡಿ. ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕನಿಷ್ಠ 15 ದಿನದ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಮುಗಿದ ಮೇಲೂ ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕೇ ಹೊರತು ಬೀಗ ಹಾಕುವ ಹಾಗಿಲ್ಲ. ಹಾಗೆ ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 6ನೇ ಕಲಮಿನಡಿ ಮನೆ ಮರಳಿ ಕೊಡಿಸಿ ಅಂತ ದಾವೆ ಹೂಡಬಹುದು. ಕೇಸು ಬಂದರೆ ಅವನ ಸ್ಥಿತಿಯನ್ನು ಕೋರ್ಟಿಗೆ ತಿಳಿಸಿ. ತನ್ನ ಹಿತ ತಾನು ಕಾಪಾಡಿಕೊಳ್ಳಲಾರ ಅಂತ ವಿಚಾರಣೆಯಲ್ಲಿ ಕಂಡುಬಂದರೆ, ಅವನ ಪರ ಕೇಸು ನಡೆಸಲು ಪಾಲಕರನ್ನು ನೇಮಿಸುವ ವ್ಯವಸ್ಥೆ ಸಿವಿಲ್ ಪ್ರೊಸೀಜರ್ ಕೋಡಿನ 32ನೇ ಆರ್ಡರಿನಲ್ಲಿದೆ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ: ಅಂಗವೈಕಲ್ಯ ಇರುವವರಿಗೆ ಕಾನೂನು ನೆರವು ಉಚಿತ, ಮಾನಸಿಕ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಮಾಡಿಸಿರದಿದ್ದರೆ ಈಗಲೇ ಅರ್ಜಿ ಹಾಕಿ, ಪಿಂಚಣಿಗೂ ಅದು ಬೇಕಾಗುತ್ತದೆ.

ಇಷ್ಟೆಲ್ಲಾ ಹೇಳಿದ್ದು ನೀವು ಕೇಸು ಆಡಲಿ ಅಂತಲ್ಲ. ಕೇಸು ಗೆದ್ದು, ದಿನಾ ಮುಖ ತಿರುಗಿಸುವ ಓನರ್ ಮನೆಯಲ್ಲಿ ಅವನು ಇರುವುದು ಅವನ ತಲೆಗೆ ಒಳ್ಳೆಯದಲ್ಲ. ಕಾನೂನು ನಿಮ್ಮ ಕಡೆಗಿದೆ ಅಂತ ಓನರ್‌ಗೆ ಗೊತ್ತಾದರೆ ‘ಎರಡು ತಿಂಗಳು ಕೊಡಿ, ಔಷಧಿ ಹಿಡಿಯಲಿ, ಆಮೇಲೂ ಆಗದಿದ್ದರೆ ನಾವೇ ಬೇರೆ ಮನೆ ನೋಡ್ತೇವೆ’ ಅನ್ನುವ ನಿಮ್ಮ ಮಾತಿಗೆ ತೂಕ ಬರುತ್ತದೆ. ಆ ಮಾತನ್ನು ಬರೆದೇ ಕೊಡಿ.

ಊರಿಗೆ ಕರೆತರುವ ಬಗ್ಗೆ ನನ್ನ ಅಭಿಪ್ರಾಯ ನಿಮ್ಮ ಮನೆಯವರಿಗೆ ಹಿಡಿಸಲಿಕ್ಕಿಲ್ಲ. ನನ್ನ ಮಗಳು ತೋಟದ ಮನೆಯಲ್ಲಿದ್ದಾಗ ಅಡಿಕೆ ಸುಲಿಯಲು ಬಂದವರೂ ಅವಳನ್ನೇ ನೋಡುತ್ತಿದ್ದರು. ಕಾರವಾರದಲ್ಲಿ ಸಂಜೆ ಕಡಲ ದಂಡೆಗೆ ಹೋಗಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಅವಳು ಕೆಳಗಿರುವುದು ನನ್ನಿಂದ ದೂರ ಹೋಗಲು ಅಂತ ನನಗೆ ಅನಿಸುವುದಿಲ್ಲ. ಅವನೂ ಬೇರೆ ಇರಬೇಕು ಅಂದರೆ ಇರಲಿ, ಬಾಗಿಲು ತಟ್ಟುವ ಒಬ್ಬರು ಹತ್ತಿರ ಇದ್ದರೆ ಸಾಕು.

ಬಾಡಿಗೆ ಕರಾರು ಯಾರ ಹೆಸರಲ್ಲಿದೆ ಅಂತ ನೀವು ಬರೆದಿಲ್ಲ. ನಿಮ್ಮ ಹೆಸರಲ್ಲಿದ್ದರೆ ನೋಟಿಸ್ ನಿಮಗೇ ಬರಬೇಕು. ಅವನ ಹೆಸರಲ್ಲಿದ್ದರೆ, ಓನರ್ ಯಾವುದಾದರೂ ಕಾಗದಕ್ಕೆ ಈಗಾಗಲೇ ಸಹಿ ಹಾಕಿಸಿಕೊಂಡಿದ್ದಾರಾ ಅಂತ ಇವತ್ತೇ ಕೇಳಿ. ಹಾಕಿಸಿಕೊಂಡಿದ್ದರೆ ಅದರ ಫೋಟೋ ತೆಗೆದಿಡಿ. ಏನು ಬರೆದಿದೆ ಅಂತ ತಿಳಿಯುವ ಸ್ಥಿತಿಯಲ್ಲಿ ಅವನು ಇಲ್ಲದಾಗ ಹಾಕಿದ ಸಹಿ ನಿಲ್ಲುವುದಿಲ್ಲ, ವಕೀಲರಿಗೆ ಮೊದಲು ತೋರಿಸಬೇಕಾದ್ದು ಅದನ್ನೇ.