ಪ್ರವಾಹ, ಭೂಕಂಪದಂಥ ಅನಾಹುತದ ನಂತರ ಶಿಕ್ಷಕರು ಪಾಠವನ್ನು ಹೇಗೆ ಬದಲಿಸಿಕೊಳ್ಳುತ್ತಾರೆ?

ಮೊದಲು ವೇಗ ಕಡಿಮೆ ಮಾಡುತ್ತಾರೆ. ಹೆದರಿದ, ನಿದ್ದೆಗೆಟ್ಟ ಮಗುವಿನ ಗಮನ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ನಿನ್ನೆ ಕಲಿತದ್ದೂ ಮರೆತುಹೋಗುತ್ತದೆ. ಹಾಗಾಗಿ ಒಂದೇ ಪಿರಿಯಡ್ಡನ್ನು ಎರಡು ತುಂಡು ಮಾಡಿ, ನಡುವೆ ಚಿತ್ರ, ಆಟ, ಹಾಡು ಸೇರಿಸುತ್ತಾರೆ. ದಿನದ ವೇಳಾಪಟ್ಟಿ ಮಾತ್ರ ಆದಷ್ಟು ಬದಲಿಸುವುದಿಲ್ಲ. ಮುಂದೇನು ಅಂತ ಗೊತ್ತಿದ್ದರೆ ಮಕ್ಕಳಿಗೆ ಧೈರ್ಯ.

ಸಿಲೆಬಸ್ ಪೂರ್ತಿ ಮುಗಿಸುವ ಹಟ ಬಿಡಲೇಬೇಕು. ಓದು, ಬರಹ, ಲೆಕ್ಕದಲ್ಲಿ ಮುಂದಿನ ತರಗತಿಗೆ ಬೇಕೇ ಬೇಕಾದದ್ದು ಉಳಿಯುತ್ತದೆ, ಮಿಕ್ಕಿದ್ದು ಮುಂದಕ್ಕೆ ಹೋಗುತ್ತದೆ. ಪುಸ್ತಕವೇ ಕಳೆದುಕೊಂಡವರಿಗೆ ಹೋಮ್‌ವರ್ಕ್ ಕೊಟ್ಟು ಏನು ಪ್ರಯೋಜನ, ಅಲ್ವಾ? 2011ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಭೂಕಂಪದ ಬಳಿಕ ಕೆಲವು ಶಾಲೆಗಳು ಒಂದೇ ಕಟ್ಟಡ ಹಂಚಿಕೊಂಡವು. ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು.

ನನ್ನ ಪ್ರಕಾರ ನಾಜೂಕಿನ ಕೆಲಸವೆಂದರೆ ಅನಾಹುತದ ಬಗ್ಗೆ ಮಾತಾಡುವುದು. "ಏನಾಯ್ತು ಹೇಳು" ಎಂದು ಒತ್ತಾಯಿಸಬಾರದು. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಸುಮ್ನೆ ಕೂತರೆ ಕೂರಲಿ. ಪ್ರವಾಹ ಕಂಡ ಮಕ್ಕಳಿಂದ ಕೂಡಲೇ ಮಳೆಗಾಲದ ಪ್ರಬಂಧ ಬರೆಸುವುದು ಬೇಡ. ಸ್ವಲ್ಪ ಚೇತರಿಸಿಕೊಂಡ ಮೇಲೆ ವಿಜ್ಞಾನದ ಪಾಠ ಕೆಲಸಕ್ಕೆ ಬರುತ್ತದೆ: ನೆಲ ಏಕೆ ನಡುಗುತ್ತದೆ, ನಡುಗಿದಾಗ ಗಟ್ಟಿ ಮೇಜಿನಡಿ ಸೇರಿ ತಲೆ ಕಾಪಾಡಿಕೊಂಡು ಮೇಜಿನ ಕಾಲನ್ನು ಹೇಗೆ ಹಿಡಿದುಕೊಳ್ಳಬೇಕು. ಕಾರಣ ತಿಳಿದು, ಮಾಡಿ ನೋಡಿದ ಮೇಲೆ ಭಯ ಎಷ್ಟೋ ತಗ್ಗುತ್ತದೆ.

ವಾರಗಳು ಕಳೆದರೂ ಬೆಚ್ಚಿಬೀಳುವ, ಯಾರೊಂದಿಗೂ ಬೆರೆಯದ ಮಗುವನ್ನು ಆಪ್ತಸಮಾಲೋಚಕರ ಬಳಿ ಕಳಿಸಬೇಕು.