ಮುಂಬೈನ ಒನ್ ಬಿಎಚ್‌ಕೆ ಮನೇಲಿ ಬೀದಿ ಬೆಕ್ಕಿನ ಮರಿ ಸಾಕಬಹುದಾ, ಅದೂ ಮನೇಲಿ ಎಲ್ಲರೂ ವೆಜ್ ಆಗಿದ್ರೆ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಪಾರ್ಕಿಂಗಲ್ಲಿ ಒಂದು ಮರಿ ಮೂರು ದಿನದಿಂದ ಒಂದೇ ಸಮ ಕೂಗ್ತಾ ಉಂಟು, ಫೋಟೋ ಹಾಕಿದ್ರೆ ಎಲ್ಲರೂ ಮನೆಗೆ ತಗೊಂಡ್ಹೋಗಿ ಅಂತಿದ್ದಾರೆ, ಅಮ್ಮ ಮಾತ್ರ ಬೇಡ್ವೇ ಬೇಡ ಅಂತಾರೆ, ಮನೆಗೆ ಮೊಟ್ಟೆ ಕೂಡ ಬರಲ್ಲ, ಏನ್ ಮಾಡ್ಲಿ ಅಂತ ಕೇಳಿದ್ದೀರಿ. ಸಾಕಬಹುದು. ನಾನು ಇಲ್ಲೇ ಮುಂಬೈಯ ಭಾಂಡುಪಲ್ಲಿ ಇಂಥದ್ದೇ ಸಣ್ಣ ಮನೇಲಿ, ಇಂಥದ್ದೇ ಅಮ್ಮನ ಜೊತೆ, ಐದು ವರ್ಷದಿಂದ ಸಾಕ್ತಾ ಇದ್ದೀನಿ. ಆದ್ರೆ ಇವತ್ತು ಸಂಜೆನೇ ಟವೆಲಲ್ಲಿ ಸುತ್ಕೊಂಡು ಮೇಲೆ ತರಬೇಡಿ. ಮೊದಲು ಕೆಳಗಿನ ಜನರನ್ನ ಕೇಳಿ, ವಾಚ್‌ಮನ್, ಇಸ್ತ್ರಿ ಅಂಗಡಿಯವ್ರು, ಕಚರಾ ತಗೊಂಡು ಹೋಗೋಕೆ ಬರೋ ಅಕ್ಕ, ಹತ್ರದಲ್ಲಿ ಮೀನು ಮಾರೋರು ಇದ್ರೆ ಅವರನ್ನಂತೂ ಖಂಡಿತ ಕೇಳಿ.

ನಾನೂ ಮೊದಲು ಮಾಡಿದ್ದು ಫೋಟೋ ಹಾಕಿದ್ದೇ. ಮೇ ಕೊನೆ, ಮಳೆ ಇನ್ನೂ ಬಂದಿರ್ಲಿಲ್ಲ, ಮಾರ್ಕೆಟ್ ಮೂಲೆಯಲ್ಲಿ ಮೀನಿನ ಥರ್ಮಾಕೋಲ್ ಡಬ್ಬಿಗಳ ಸಾಲು ಇರುತ್ತಲ್ಲ, ಅದರ ಹಿಂದೆ ಒಂದು ಮರಿ, ಐಸ್ ಕರಗಿ ಹರಿದಿದ್ದ ನೀರನ್ನ ನೆಕ್ಕ್ತಾ ಇತ್ತು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ, ಮೂಗಿನ ಮೇಲೆ ಅರ್ಧ ಕಪ್ಪು ಅರ್ಧ ಕೇಸರಿ. ಫೋಟೋ ಹಾಕಿದ ಒಂದು ರಾತ್ರಿಲಿ ನಾನ್ನೂರು ಲೈಕ್ ಬಂತು, ಹೃದಯದ ಚಿಹ್ನೆ ಬಂತು, ಪುಣ್ಯ ಬರುತ್ತೆ ಅಂದ್ರು, ಬಾಟಲಲ್ಲಿ ಹಾಲು ಕೊಡಿ ಅಂದ್ರು, ಹಾಲು ಕೊಡಲೇಬೇಡಿ ಅಂದ್ರು, ಆದ್ರೆ ಆ ಮರಿ ತಾಯಿ ಎಲ್ಲಿ ಅಂತ ಒಬ್ಬರೂ ಕೇಳ್ಲಿಲ್ಲ. ಕೇಳಿದ್ದು ಮಾರನೇ ಬೆಳಿಗ್ಗೆ ಅಲ್ಲಿ ಬೋಂಬಿಲ್ ಮೀನು ಮಾರೋ ಮಾವ್ಶಿ, ಮರಾಠೀಲಿ ಚಿಕ್ಕಮ್ಮ ಅಂತ. ಅಥವಾ ಕೇಳಿದ್ದು ನಾನು, ಹೇಳಿದ್ದು ಅವರು. ತಾಯಿ ಬೆಕ್ಕಿಗೆ ಎರಡು ದಿನದ ಹಿಂದೆ ಟೆಂಪೋ ತಾಗಿತ್ತಂತೆ, ನಾಲ್ಕು ಮರಿ, ಎರಡನ್ನ ಚಹಾದಂಗಡಿಯವ್ರು ಇಟ್ಕೊಂಡ್ರು, ಒಂದು ಉಳೀಲಿಲ್ಲ, ಇದು ಯಾರ ಕೈಗೂ ಸಿಗಲ್ಲ. ಮಾವ್ಶಿ ಮೂರು ವರ್ಷದಿಂದ ಆ ತಾಯಿಗೆ ದಿನಾ ಮೀನಿನ ತಲೆ ಹಾಕ್ತಿದ್ರು. ನಾಲ್ಕು ನಿಮಿಷದಲ್ಲಿ ಅವರು ಹೇಳಿದಷ್ಟು ನಾನ್ನೂರು ಜನ ಹೇಳಿರ್ಲಿಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ತಾಯಿ ಇರೋ ಮರಿಯನ್ನ ಒಳ್ಳೇ ಮನಸ್ಸಿಂದಲೇ ಎತ್ಕೊಂಡು ಹೋಗೋರು ಬಹಳ. ಬೆಕ್ಕು ಮರಿ ಹಾಕಿದ್ರೆ ಏಳು ಮನೆ ತಿರುಗಿಸುತ್ತೆ ಅಂತ ನಮ್ಮ ಕಡೆ ಹೇಳ್ತಾರಲ್ಲ, ಅದರಲ್ಲಿ ಅರ್ಥ ಉಂಟು, ಜಾಗ ಸುರಕ್ಷಿತ ಅಲ್ಲ ಅನ್ಸಿದ್ರೆ ತಾಯಿ ಒಂದೊಂದೇ ಮರಿಯನ್ನ ಕತ್ತು ಕಚ್ಕೊಂಡು ಸಾಗಿಸುತ್ತೆ, ಎರಡನೇದನ್ನ ಇಡೋಕೆ ಹೋದಾಗ ಮೂರನೇದು ಒಂಟಿಯಾಗಿ ಕೂಗ್ತಾ ಇರುತ್ತೆ. ಮಾರ್ಜಾಲ ಕಿಶೋರ ನ್ಯಾಯ ಅಂತ ಶ್ರೀವೈಷ್ಣವರು ಭಕ್ತಿಗೆ ಹೋಲಿಕೆ ಕೊಡೋದು ಇದನ್ನೇ, ಕೋತಿ ಮರಿ ತಾನೇ ತಾಯಿಯನ್ನ ಹಿಡ್ಕೊಳ್ಬೇಕು, ಬೆಕ್ಕಿನ ಮರಿ ಏನೂ ಮಾಡ್ಬೇಕಾಗಿಲ್ಲ, ತಾಯಿ ಹೊತ್ಕೊಂಡು ಹೋಗುತ್ತೆ. ಹಾಗಾಗಿ ದೂರ ನಿಂತು ಕೆಲವು ಗಂಟೆ ನೋಡಿ. ನಿಮ್ಮದು ಮೂರು ದಿನದಿಂದ ಕೂಗ್ತಾ ಉಂಟು ಅಂದ್ರೆ ತಾಯಿ ಇಲ್ಲದಿರೋ ಸಾಧ್ಯತೆನೇ ಜಾಸ್ತಿ, ಆದ್ರೂ ವಾಚ್‌ಮನ್ ಹತ್ರ ರಾತ್ರಿ ಯಾವುದಾದ್ರೂ ದೊಡ್ಡ ಬೆಕ್ಕು ಬರುತ್ತಾ ಅಂತ ಕೇಳಿ. ಮರಿ ಮೈ ತಣ್ಣಗಾಗಿದ್ರೆ, ಕಣ್ಣು ಅಂಟಿದ್ರೆ, ಆಗ ಕಾಯಬೇಡಿ, ಬಟ್ಟೇಲಿ ಸುತ್ತಿ ಬೆಚ್ಚಗೆ ಮಾಡಿ ಸೀದಾ ಡಾಕ್ಟ್ರ ಹತ್ರ ಹೋಗಿ.

ಅಮ್ಮನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಮ್ಮನೇಲೂ ಅಲ್ಲೇ ಸಿಕ್ಕಾಕ್ಕೊಂಡಿದ್ದು. ನಮ್ಮ ಅಪ್ಪ ಕುಂದಾಪುರ ಕಡೆಯಿಂದ ಹದಿನಾಲ್ಕು ವರ್ಷಕ್ಕೇ ಬಂದು ಮುಂಬೈಯ ಫೋರ್ಟ್ ಏರಿಯಾದ ಹೋಟೆಲಲ್ಲಿ ಕೆಲಸಕ್ಕೆ ಸೇರಿದವ್ರು, ಹಗಲು ಟೇಬಲ್ ಒರೆಸೋದು, ರಾತ್ರಿ ಕನ್ನಡ ಶಾಲೆ, ಮಲಗೋದು ಗೋಡೌನಲ್ಲಿ ಅಕ್ಕಿ ಉದ್ದಿನಬೇಳೆ ಮೂಟೆಗಳ ಮೇಲೆ. ಆ ಗೋಡೌನಿಗೆ ಒಂದು ಬೆಕ್ಕು ಇತ್ತಂತೆ. ಶುದ್ಧ ಸಸ್ಯಾಹಾರಿ ಹೋಟೆಲ್, ಮಾಲೀಕರು ಮಡಿ ಅಂದ್ರೆ ಮಡಿ, ಆದ್ರೂ ಬೆಕ್ಕನ್ನ ಓಡಿಸ್ತಿರ್ಲಿಲ್ಲ, ಓಡಿಸಿದ್ರೆ ಇಲಿ ಮೂಟೆ ತೂತು ಮಾಡ್ತಿತ್ತು. ಚಳಿಗಾಲದಲ್ಲಿ ಅದು ಅಪ್ಪನ ಕಾಲ ಹತ್ರ ಬಂದು ಮಲಗ್ತಿತ್ತು, ಊರು ಬಿಟ್ಟು ಬಂದ ಹುಡುಗನಿಗೆ ಮೈ ತಾಗೋಕೆ ಇದ್ದ ಜೀವ ಅದೊಂದೇ. ಅಪ್ಪ ಇದನ್ನ ಅಮ್ಮನಿಗೆ ಹೇಳಿದ್ದು ಈ ಮರಿ ಮನೆಗೆ ಬಂದ ದಿನವೇ, ಮದುವೆಯಾಗಿ ಮೂವತ್ತೈದು ವರ್ಷ ಆದ್ಮೇಲೆ.

ನನಗೆ ಇತಿಹಾಸ ಓದೋ ಹುಚ್ಚು. ಅಪ್ಪನ ಮಾತು ಕೇಳಿದ್ಮೇಲೆ ಬೆಕ್ಕಿನ ಕಥೆ ಹುಡುಕ್ತಾ ಕೂತೆ, ನೋಡಿದ್ರೆ ಎಲ್ಲಾ ಕಡೆ ಆ ಗೋಡೌನೇ. ಧಾನ್ಯ ಕೂಡಿಟ್ಟಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷದ ಹಿಂದಿನ ಒಂದು ಸಮಾಧಿ ಸಿಕ್ಕಿದೆ, ಮನುಷ್ಯನ ಪಕ್ಕದಲ್ಲೇ ಒಂದು ಎಳೆ ಬೆಕ್ಕನ್ನ ಹೂತಿದ್ದಾರೆ, ಆ ದ್ವೀಪದಲ್ಲಿ ಮೂಲತಃ ಬೆಕ್ಕೇ ಇರ್ಲಿಲ್ಲ, ಅಂದ್ರೆ ಯಾರೋ ದೋಣೀಲಿ ಹಾಕ್ಕೊಂಡು ಬಂದಿದ್ರು. ನಮ್ಮ ಕಡೆಗೆ ಬಂದ್ರೆ ಸಿಂಧ್‌ನ ಚನ್ಹುದಾರೋದಲ್ಲಿ ಸಿಕ್ಕ ಹರಪ್ಪ ಕಾಲದ ಒಂದು ಇಟ್ಟಿಗೆ ಉಂಟು, ಹಸಿ ಇಟ್ಟಿಗೆ ಒಣಗೋಕೆ ಇಟ್ಟಾಗ ಒಂದು ಬೆಕ್ಕು ತುಳ್ಕೊಂಡು ಓಡಿದೆ, ಅದರ ಮೇಲೆ ನಾಯಿ ಹೆಜ್ಜೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಓಟ, ಇವತ್ತು ನಿಮ್ಮ ಪಾರ್ಕಿಂಗಲ್ಲಿ ನಡೀತಿರೋದೂ ಅದೇ.

ಮುಂಬೈಯ ಕಥೆ ಇನ್ನೂ ಹತ್ರದ್ದು. 1896ರಲ್ಲಿ ಇಲ್ಲಿ ಇಲಿಯಿಂದ ಹರಡೋ ಪ್ಲೇಗ್ ಬಂದಾಗ ಮೊದಲು ಪತ್ತೆ ಮಾಡಿದ್ದು ಡಾ. ಅಕಾಸಿಯೋ ವಿಯೇಗಸ್, ಗೋವಾ ಮೂಲದವರು, ಜಾಗ ಮಾಂಡ್ವಿ, ಬಂದರಿನ ಪಕ್ಕ, ಅಲ್ಲೂ ಧಾನ್ಯದ ಗೋಡೌನ್‌ಗಳೇ. ಆಮೇಲೆ ಈಗಿನ ಮಹಾರಾಷ್ಟ್ರದ ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಬುಕಾನನ್ ಅನ್ನೋರು, ಬೆಕ್ಕು ಜಾಸ್ತಿ ಇದ್ದ ಊರುಗಳಿಗೆ ಪ್ಲೇಗ್ ಅಷ್ಟಾಗಿ ಬರ್ಲಿಲ್ಲ, ಬೆಕ್ಕು ಸಾಕಿ ಅಂತ 1908ರಲ್ಲಿ ಬರೆದ್ರು. ಬೆಕ್ಕಿಗೂ ಪ್ಲೇಗ್ ತಗಲುತ್ತೆ ಅಂತ ಈಗ ಗೊತ್ತಾಗಿದೆ, ಅದು ಬೇರೆ ಮಾತು. ಈ ಊರಿಗೂ ಬೆಕ್ಕಿಗೂ ಇಷ್ಟು ಹಳೇ ಲೆಕ್ಕ ಉಂಟು, ಅದು ಬಿಟ್ಟಿ ತಿನ್ನೋಕೆ ಬಂದ ಪ್ರಾಣಿ ಅಂತ ಯಾರಾದ್ರೂ ಸೊಸೈಟಿ ಮೀಟಿಂಗಲ್ಲಿ ಹೇಳಿದ್ರೆ ನನಗೆ ಸಿಟ್ಟು ಬರುತ್ತೆ.

ಈಗ ವೆಜ್ ಪ್ರಶ್ನೆ. ಇದರಲ್ಲಿ ನಾನು ಮುಲಾಜಿಲ್ಲದೆ ಹೇಳ್ತೀನಿ, ಬೆಕ್ಕು ವೆಜ್ ಆಗೋಕೆ ಆಗಲ್ಲ. ಅದರ ದೇಹಕ್ಕೆ ಟಾರಿನ್ ಅನ್ನೋ ಅಂಶ ಬೇಕು, ಅದು ಮಾಂಸದಲ್ಲಿ ಇರೋದು, ಸಾಕಷ್ಟು ಸಿಗದಿದ್ರೆ ಕಣ್ಣು ಹೋಗುತ್ತೆ, ಹೃದಯ ಕೆಡುತ್ತೆ. ಮೊಸರನ್ನ ತಿನ್ಕೊಂಡು ನಮ್ಮ ಬೆಕ್ಕು ಚೆನ್ನಾಗಿದೆ ಅನ್ನೋರ ಬೆಕ್ಕು ಹೊರಗೆ ಹೋಗಿ ಏನೋ ಹಿಡ್ಕೊಂಡು ತಿಂದಿರುತ್ತೆ. ಹಾಲಂತೂ ತೆನಾಲಿ ರಾಮಕೃಷ್ಣನ ಬೆಕ್ಕಿಗೆ ಬಿಸಿಯಾಯ್ತು ಅಂತ ಬೇಡವಾಗಿತ್ತು, ನಿಜವಾದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ದೊಡ್ಡದಾದ್ಮೇಲೆ ಹಸುವಿನ ಹಾಲು ಜೀರ್ಣನೇ ಆಗಲ್ಲ, ಭೇದಿ ಶುರುವಾಗುತ್ತೆ. ನಾವು ಮಾಡ್ಕೊಂಡಿದ್ದು ಏನಂದ್ರೆ ಅಡಿಗೆಮನೆಗೆ ಏನೂ ತರಲ್ಲ, ರೆಡಿ ಕ್ಯಾಟ್ ಫುಡ್, ಒಣದು ಮತ್ತೆ ಪೌಚ್, ಬಾಲ್ಕನಿ ಪಕ್ಕ ಅದರದ್ದೇ ಬೇರೆ ಡಬ್ಬಿ, ಬೇರೆ ತಟ್ಟೆ, ಬೇರೆ ಸ್ಪಂಜು. ಅಮ್ಮ ಅದನ್ನ ಮುಟ್ಟಲ್ಲ, ನಾನು ಅಥವಾ ಅಪ್ಪ ಹಾಕೋದು. ನಾಯಿ ಫುಡ್ ಅಗ್ಗ ಅಂತ ಅದನ್ನ ಹಾಕಬೇಡಿ, ಬೆಕ್ಕಿಗೆ ಸಾಲಲ್ಲ. ನಿಮ್ಮಮ್ಮನ ಹತ್ರ ಈ ವಿಷಯ ಮುಚ್ಚಿಡದೆ ಮೊದಲೇ ಮಾತಾಡಿ, ಅವರು ಇದಕ್ಕೆ ಒಪ್ಪಲೇ ಇಲ್ಲ ಅಂದ್ರೆ ಮರಿಗೆ ಬೇರೆ ಮನೆ ಹುಡುಕೋದೇ ಸರಿ, ಅದರಲ್ಲಿ ತಪ್ಪೇನಿಲ್ಲ.

ಒಂದು ಘಟನೆ ಹೇಳ್ಲೇಬೇಕು. ಬಂದ ಎರಡನೇ ವಾರ ಮರಿಗೆ ಜ್ವರ, ಮೂಗು ಕಟ್ಟಿತ್ತು, ಭಾನುವಾರ ರಾತ್ರಿ, ಹತ್ರದ ಡಾಕ್ಟ್ರು ಫೋನ್ ಎತ್ತಲ್ಲ. ಒಂದು ಗ್ರೂಪಲ್ಲಿ ಕೇಳಿದೆ, ಒಬ್ಬರು ಪ್ಯಾರಸಿಟಮಾಲ್ ಕಾಲು ಮಾತ್ರೆ ಪುಡಿ ಮಾಡಿ ಕೊಡಿ, ಮಕ್ಕಳಿಗೆ ಕೊಡೋ ಹಾಗೆ ಅಂದ್ರು. ನಾನು ಮಾತ್ರೆ ಮುರಿದು ಚಮಚದಲ್ಲಿ ಹಾಕಿದ್ದೆ ಮಾರಾಯ್ರೆ. ಅಷ್ಟರಲ್ಲಿ ಅದೇ ಗ್ರೂಪಲ್ಲಿ ಗುರುತಿಲ್ಲದ ಒಬ್ಬರು, ದಯವಿಟ್ಟು ಕೊಡಬೇಡಿ, ಬೆಕ್ಕು ಸಾಯುತ್ತೆ ಅಂತ ಬರೆದು, ತಕ್ಷಣ ಕಾಲ್ ಮಾಡಿದ್ರು. ಪ್ಯಾರಸಿಟಮಾಲ್ ಅನ್ನ ಅರಗಿಸೋ ಶಕ್ತಿ ಬೆಕ್ಕಿನ ಲಿವರಿಗೆ ಸರಿಯಾಗಿ ಇಲ್ಲ, ರಕ್ತ ಆಮ್ಲಜನಕ ಒಯ್ಯೋದನ್ನೇ ಬಿಟ್ಟುಬಿಡುತ್ತೆ, ಸಣ್ಣ ಚೂರೂ ವಿಷ. ಬೆಳಿಗ್ಗೆವರೆಗೆ ಬೆಚ್ಚಗೆ ಇಡಿ, ಮೂಗು ಒದ್ದೆ ಬಟ್ಟೇಲಿ ಒರೆಸಿ ಅಂತ ರಾತ್ರಿ ಒಂದೂವರೆವರೆಗೆ ನನ್ನ ಜೊತೆ ಮಾತಾಡಿದ್ರು. ಬೆಳಿಗ್ಗೆ ಪರೇಲಿಗೆ ಹೋದ್ವಿ, ಅಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಉಂಟಲ್ಲ, 19ನೇ ಶತಮಾನದಿಂದ ಇರೋದು, ಒಂದು ವಾರದ ಔಷಧಿಯಲ್ಲಿ ಸರಿ ಹೋಯ್ತು. ಆ ಗ್ರೂಪಿನವ್ರ ಮುಖ ನಾನು ಇವತ್ತಿಗೂ ನೋಡಿಲ್ಲ. ಹಾಗಾಗಿ ಆನ್‌ಲೈನ್ ಜನ ಬರೀ ಮಾತು ಅಂತ ನಾನು ಯಾವತ್ತೂ ಹೇಳಲ್ಲ, ಕೊಲ್ಲೋ ಸಲಹೆ ಬಂದಿದ್ದೂ ಅಲ್ಲಿಂದ, ಉಳಿಸಿದ್ದೂ ಅಲ್ಲಿಂದ, ಮಧ್ಯೆ ಇದ್ದಿದ್ದು ಒಂದು ಐದು ನಿಮಿಷ.

ಬೆಕ್ಕಿನ ಫೋಟೋ ಹಾಕೋ ಹುಚ್ಚು ಮೊಬೈಲಿಂದ ಬಂತು ಅಂತ ಬೈಯೋರ ಮಾತನ್ನೂ ನಾನು ಒಪ್ಪಲ್ಲ. 1870ರ ದಶಕದಲ್ಲೇ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹ್ಯಾರಿ ಪಾಯಿಂಟರ್ ಅನ್ನೋ ಫೋಟೋಗ್ರಾಫರ್ ಬೆಕ್ಕುಗಳ ಫೋಟೋ ತೆಗೆದು ಕಾರ್ಡ್ ಮಾಡಿ ಮಾರ್ತಿದ್ದ, 1894ರಲ್ಲಿ ಎಡಿಸನ್ ಸ್ಟುಡಿಯೋದಲ್ಲಿ ಎರಡು ಬೆಕ್ಕು ಬಾಕ್ಸಿಂಗ್ ಆಡೋದನ್ನ ಫಿಲ್ಮ್ ಮಾಡಿದ್ರು, ಯೂಟ್ಯೂಬ್ ಶುರುವಾದ 2005ರಲ್ಲೇ ಅದರ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ಚೆನ್ ತಮ್ಮ ಬೆಕ್ಕಿನ ವಿಡಿಯೋ ಹಾಕಿದ್ರು. ತೋರಿಸೋ ಆಸೆ ಹಳೇದು. ನನಗೆ ಸಂಕಟ ಆಗೋದು ಫೋಟೋ ನೋಡಿ ಒಂದು ನಿಮಿಷದಲ್ಲಿ ನಾನು ತಗೋತೀನಿ ಅನ್ನೋದು ನೋಡಿದ್ರೆ. ಫೋಟೋದಲ್ಲಿ ಉಚ್ಚೆ ವಾಸನೆ ಬರಲ್ಲ, ರಾತ್ರಿ ಮೂರಕ್ಕೆ ಅಲ್ಮೇರಾ ಮೇಲಿಂದ ಹಾರಲ್ಲ. ಒಂದೇ ಮರಿ ಎರಡು ತಿಂಗಳಲ್ಲಿ ಮೂರು ಮನೆ ಸುತ್ತಿ ವಾಪಸ್ ಬಂದಿದ್ದನ್ನ ಕಂಡಿದ್ದೀನಿ. ತಾಯಿ ಏಳು ಮನೆ ತಿರುಗಿಸೋದು ಕಾಪಾಡೋಕೆ, ಇದು ಯಾವುದಕ್ಕೆ? ಮನೆಯೊಳಗೆ ಇರೋ ಬೆಕ್ಕು ಹದಿನೈದು ವರ್ಷ ಬದುಕಬಹುದು, ನಿಮ್ಮ ಮದುವೆ, ಕೆಲಸ ಬದಲಾವಣೆ, ಮನೆ ಶಿಫ್ಟು ಎಲ್ಲದರಲ್ಲೂ ಅದು ಇರುತ್ತೆ. ಸಾಕಿದ್ದನ್ನ ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಕೂಡ.

ತರೋದು ಅಂತ ನಿಶ್ಚಯ ಮಾಡಿದ್ರೆ ಮರಿಗಿಂತ ಮೊದಲು ಜಾಲಿ ಬರಲಿ. ಪಾರಿವಾಳಕ್ಕೆ ಕಟ್ಟೋ ನೈಲಾನ್ ಜಾಲಿ ಇರುತ್ತಲ್ಲ, ಅದೇ, ಗ್ರಿಲ್ ಇದ್ರೂ ಅದರ ಸಂದೀಲಿ ಮರಿ ನುಸುಳುತ್ತೆ. ಬೆಕ್ಕು ಎಷ್ಟು ಎತ್ತರದಿಂದ ಬಿದ್ರೂ ಕಾಲ ಮೇಲೇ ನಿಲ್ಲುತ್ತೆ ಅಂತ ಧೈರ್ಯ ಹೇಳೋರು ಸಿಗ್ತಾರೆ, 1987ರಲ್ಲಿ ನ್ಯೂಯಾರ್ಕಿನ ಡಾಕ್ಟ್ರುಗಳು ಮಹಡಿಯಿಂದ ಬಿದ್ದ 132 ಬೆಕ್ಕುಗಳ ಲೆಕ್ಕ ಕೊಟ್ಟಿದ್ರು, ಶೇ. 90 ಬದುಕಿದ್ವು ನಿಜ, ಆದ್ರೆ ಅದು ಆಸ್ಪತ್ರೆಗೆ ತಂದಿದ್ದವುಗಳ ಲೆಕ್ಕ, ಬಿದ್ದಲ್ಲೇ ಸತ್ತಿದ್ದನ್ನ ಆಸ್ಪತ್ರೆಗೆ ಯಾರು ತರ್ತಾರೆ? ಮೊದಲ ಎರಡು ವಾರ ಇಡೀ ಮನೆ ಬಿಡಬೇಡಿ, ಒಂದು ಮೂಲೆ, ಒಂದು ರಟ್ಟಿನ ಡಬ್ಬಿ, ನೀರು, ಸ್ವಲ್ಪ ದೂರದಲ್ಲಿ ಲಿಟರ್ ಟ್ರೇ, ಅಂದ್ರೆ ಅದರ ಕಕ್ಕಸಿನ ತಟ್ಟೆ, ಅಷ್ಟು ಸಾಕು. ಎಂಟು ವಾರದಿಂದ ಲಸಿಕೆ ಶುರು, ಮೂರು ತಿಂಗಳ ಮೇಲೆ ರೇಬಿಸ್, ಐದಾರು ತಿಂಗಳಿಗೆ ಮರಿ ಆಗದ ಹಾಗೆ ಆಪರೇಷನ್. ಆಪರೇಷನ್ ಮುಂದಕ್ಕೆ ಹಾಕಬೇಡಿ, ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬಸಿರಾಗಬಹುದು, ಒಂಬತ್ತು ವಾರಕ್ಕೆ ಮರಿ. ಮೂರು ಬಣ್ಣ ಇದ್ರೆ ಹೆಚ್ಚುಕಮ್ಮಿ ಹೆಣ್ಣೇ ಅಂತ ತಿಳ್ಕೊಳ್ಳಿ.

ನಮ್ಮದೂ ಹೆಣ್ಣೇ. ಕೇಸರಿ ಬಣ್ಣ ನೋಡಿ ಅಪ್ಪ ಅಬ್ಬಲಿಗೆ ಅಂತ ಹೆಸರಿಟ್ರು, ಅಂದ್ರೆ ಕನಕಾಂಬರ. ಮಾವ್ಶಿಗೆ ಹೇಳಿದ್ರೆ ಅವರು ಅಬೋಲಿ ಅಂದ್ರು, ಅದೇ ಹೂವಿನ ಮರಾಠಿ ಹೆಸರು, ಮಾತಾಡದವಳು ಅಂತಲೂ ಅರ್ಥ ಬರುತ್ತಂತೆ. ಆಗ ಸರಿಯಾಗಿಯೇ ಇತ್ತು, ಮೊದಲ ತಿಂಗಳು ಅದು ಬಾಯೇ ಬಿಡ್ಲಿಲ್ಲ. ದೊಡ್ಡ ಬೆಕ್ಕುಗಳು ಒಂದಕ್ಕೊಂದು ಮಿಯಾಂವ್ ಅನ್ನೋದು ಕಮ್ಮಿ, ಅದು ಹೆಚ್ಚಾಗಿ ಮನುಷ್ಯರಿಗೆ ಅಂತಲೇ ಇಟ್ಕೊಂಡಿರೋ ಭಾಷೆ. ಈಗ ಬೆಳಿಗ್ಗೆ ಅಮ್ಮ ಎದ್ದು ಲೈಟ್ ಹಾಕಿದ ಕೂಡ್ಲೇ ಅಡಿಗೆಮನೆ ಹೊಸಿಲಾಚೆ ಕೂತು ಶುರು ಮಾಡುತ್ತೆ, ಒಳಗೆ ಕಾಲಿಡಲ್ಲ, ಅದು ಅವರಿಬ್ಬರ ಒಪ್ಪಂದ. ಅಮ್ಮ ಸುಮಾರು ಮೂರು ತಿಂಗಳು ಆ ಬೆಕ್ಕು ಅಂತಲೇ ಅಂತಿದ್ರು. ಗಣಪತಿ ಹಬ್ಬದ ಹಿಂದಿನ ದಿನ ನಾನು ಆಫೀಸಿಂದ ಲೇಟಾಗಿ ಬಂದಾಗ ಬಾಗಿಲು ತೆಗೀತಾ ಕೇಳಿದ್ರು, ಅಬ್ಬಲಿಗೆ ಮಧ್ಯಾಹ್ನದಿಂದ ಉಂಡಿಲ್ಲ, ಆ ಡಬ್ಬಿ ಮುಚ್ಚಳ ತೆಗೆಯೋದು ಹೇಗೆ ಅಂತ.

ನೀವು ನಾಳೆ ಬೆಳಿಗ್ಗೆ ವಾಚ್‌ಮನ್ ಹತ್ರ ಮಾತಾಡಿ. ಅವರು ತಾಯಿ ಬೆಕ್ಕಿನ ಬಗ್ಗೆ ಏನಂದ್ರು ಅಂತ ಇಲ್ಲೇ ಕೆಳಗೆ ಬರೀರಿ, ನಾನು ನೋಡ್ತಾ ಇರ್ತೀನಿ.